ಓದುಗರ ಪ್ರಶ್ನೆಗಳು: ಯಾರ್ಡಿನ ರಾಶಿಯೂ ಕಂಪ್ಯೂಟರಿನ ಲೆಕ್ಕವೂ

ಇಆರ್‌ಪಿ (ಉದ್ಯಮ ಸಂಪನ್ಮೂಲ ಯೋಜನೆ), ಎಸ್‌ಸಿಎಂ (ಪೂರೈಕೆ ಸರಪಳಿ ನಿರ್ವಹಣೆ) ಮತ್ತು ಸಿಆರ್‌ಎಂ (ಗ್ರಾಹಕ ಸಂಬಂಧ ನಿರ್ವಹಣೆ) ತಂತ್ರಾಂಶಗಳ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಟ್ಟು ಊರನ್ನಷ್ಟೇ ಉಳಿಸಿದೆ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ನಲವತ್ತು ಜನರ ಮಷೀನ್ ಶಾಪ್. ಲೆಕ್ಕಪತ್ರ ಟ್ಯಾಲಿಯಲ್ಲಿದೆ, ಸ್ಟಾಕ್ ಎಕ್ಸೆಲ್‌ನಲ್ಲಿದೆ, ಆರ್ಡರ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ. ತಂತ್ರಾಂಶ ಮಾರಲು ಬಂದವರು ಇಆರ್‌ಪಿ, ಎಸ್‌ಸಿಎಂ, ಸಿಆರ್‌ಎಂ ಎಂದು ಮೂರು ಹೆಸರು ಹೇಳುತ್ತಾರೆ. ಇವು ಬೇರೆ ಬೇರೆಯೇ? ನಮ್ಮಂಥವರಿಗೆ ಬೇಕೇ?

ಉತ್ತರ: ಒಂದೇ ಆರ್ಡರನ್ನು ಹಿಡಿದು ನೋಡಿದರೆ ಮೂರರ ವ್ಯತ್ಯಾಸ ತಿಳಿಯುತ್ತದೆ. 25 ಮಿಲಿಮೀಟರ್ ರೌಂಡ್ ಬಾರ್‌ನಿಂದ ಮಾಡುವ ಎರಡು ಸಾವಿರ ಪಿನ್‌ಗಳಿಗೆ ವಿಚಾರಣೆ ಬಂತು ಎಂದುಕೊಳ್ಳಿ. ಕೇಳಿದವರು ಯಾರು, ಕಳೆದ ಸಲ ಅವರಿಗೆ ಯಾವ ದರ ಕೊಟ್ಟಿದ್ದಿರಿ, ಎಷ್ಟು ಪಿನ್‌ಗಳನ್ನು ಅವರು ವಾಪಸು ಕಳುಹಿಸಿದ್ದರು ಎಂಬುದನ್ನು ನೆನಪಿಡುವುದು ಸಿಆರ್‌ಎಂ. ಎಷ್ಟು ಬಾರ್ ಬೇಕು, ಯಾವ ಮಷೀನು ಖಾಲಿಯಿದೆ, ಖರ್ಚೆಷ್ಟು, ಇನ್ವಾಯ್ಸ್ ಆಯಿತೇ, ಹಣ ಬಂತೇ ಎಂಬುದನ್ನೆಲ್ಲ ಒಂದೇ ಲೆಕ್ಕದೊಳಗೆ ತರುವುದು ಇಆರ್‌ಪಿ. ಬಾರ್ ಯಾವ ದಿನ ಬರಬೇಕು, ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗೆ ಹೋದ ಮಾಲು ಯಾವಾಗ ಮರಳಬೇಕು, ಗಾಡಿ ಯಾವಾಗ ಹೊರಡಬೇಕು ಎಂದು ನಿಮ್ಮ ಗೇಟಿನ ಆಚೆಗೂ ಕಣ್ಣಿಡುವುದು ಎಸ್‌ಸಿಎಂ. ಬೇಕಾದ ಕಚ್ಚಾವಸ್ತುವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಪದ್ಧತಿ 1960ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಆರಂಭವಾಯಿತು. ಅದೇ ಬೆಳೆದು ಲೆಕ್ಕಪತ್ರ, ಮಾರಾಟ, ಸಿಬ್ಬಂದಿ ಎಲ್ಲವನ್ನೂ ಒಳಗೊಂಡಾಗ, 1990ರಲ್ಲಿ ಗಾರ್ಟ್ನರ್ ಸಂಸ್ಥೆ ಅದಕ್ಕೆ ಇಆರ್‌ಪಿ ಎಂಬ ಹೆಸರು ಕೊಟ್ಟಿತು.

ಬೇಕೇ ಎಂಬುದಕ್ಕೆ ನಾನು ಹೇಳುವ ಪರೀಕ್ಷೆ ಒಂದೇ. ಗ್ರಾಹಕರು ಫೋನ್ ಮಾಡಿ "ನನ್ನ ಪಿನ್ ಎಲ್ಲಿದೆ" ಎಂದರೆ, ಉತ್ತರ ಹೇಳಲು ನೀವು ಎಷ್ಟು ಜನರನ್ನು ಕೂಗಬೇಕಾಗುತ್ತದೆ? ಒಬ್ಬರನ್ನು ಕೇಳಿದರೆ ಸಾಕೆಂದಾದರೆ ಈಗ ಇರುವುದರಲ್ಲೇ ಮುಂದುವರಿಯಿರಿ. ನಾಲ್ಕು ಜನರನ್ನು ಕೂಗಬೇಕಾದರೆ ಅಥವಾ ಹೊರಗೆ ಹೋದ ಮಾಲಿನ ಚಲನ್ ಹುಡುಕಲು ಅರ್ಧ ದಿನ ಬೇಕಾದರೆ, ಯೋಚಿಸುವ ಕಾಲ ಬಂದಿದೆ. ಜಾಬ್‌ವರ್ಕ್‌ಗೆ, ಅಂದರೆ ಹೊರಗಿನವರಿಂದ ಕೆಲಸ ಮಾಡಿಸಲು, ಕಳುಹಿಸಿದ ಕಚ್ಚಾಮಾಲು ಒಂದು ವರ್ಷದೊಳಗೆ ಮರಳದಿದ್ದರೆ ಜಿಎಸ್‌ಟಿ ಕಾಯ್ದೆ ಅದನ್ನು ಕಳುಹಿಸಿದ ದಿನವೇ ನೀವು ಪೂರೈಸಿದ ಮಾಲೆಂದು ಪರಿಗಣಿಸುತ್ತದೆ. ಆದ್ದರಿಂದ ಆ ಲೆಕ್ಕ ಯಾರೋ ಒಬ್ಬರ ನೆನಪಿನ ಮೇಲೆ ನಿಲ್ಲುವಂತಿರಬಾರದು.

ಆದರೆ ಮೊದಲು ಕೈಯಲ್ಲಿರುವುದನ್ನು ಪೂರ್ತಿ ಬಳಸಿ. ಬೆಂಗಳೂರಿನಲ್ಲೇ ನೆಲೆಯಿರುವ ಟ್ಯಾಲಿಯಲ್ಲಿ ಸ್ಟಾಕ್, ಜಾಬ್‌ವರ್ಕ್, ಒಂದು ವಸ್ತುವಿಗೆ ಬೇಕಾಗುವ ಸಾಮಗ್ರಿಗಳ ಪಟ್ಟಿ ಎಲ್ಲಕ್ಕೂ ಅವಕಾಶವಿದೆ. ಬಹಳ ಮಂದಿ ಬಿಲ್ ಮಾಡುವುದಕ್ಕಷ್ಟೇ ಅದನ್ನು ಬಳಸುತ್ತಾರೆ. ಅದು ಸಾಲದಾದಾಗ ಮುಂಬೈಯಲ್ಲಿ ಹುಟ್ಟಿದ ಇಆರ್‌ಪಿನೆಕ್ಸ್ಟ್, ಬೆಲ್ಜಿಯಂನ ಓಡೂ ಮೊದಲಾದವನ್ನು ನೋಡಬಹುದು. ಮೊದಲನೆಯದು ಮುಕ್ತ ತಂತ್ರಾಂಶ, ಎರಡನೆಯದರಲ್ಲಿ ಮುಕ್ತ ಆವೃತ್ತಿಯೊಂದಿದೆ. ಪರವಾನಗಿ ಶುಲ್ಕವಿಲ್ಲ ಎಂದಮಾತ್ರಕ್ಕೆ ಖರ್ಚಿಲ್ಲ ಎಂದು ತಿಳಿಯಬೇಡಿ. ಕೂರಿಸಿಕೊಡುವವರಿಗೂ ಕಲಿಸುವವರಿಗೂ ಹಣ ಕೊಡಲೇಬೇಕು, ಮತ್ತು ಕಲಿಸುವವರಿಗೆ ಕೊಡುವ ಹಣದಲ್ಲಿ ಜಿಪುಣತನ ಮಾಡಬಾರದು.

ಪ್ರಶ್ನೆ: ನಾನು ಬೆಳಗಾವಿಯ ಉದ್ಯಮಬಾಗ್‌ನ ಒಂದು ಫೌಂಡ್ರಿಯಲ್ಲಿ ಸ್ಟೋರ್‌ಕೀಪರ್. ಇಆರ್‌ಪಿ ಹಾಕಿ ವರ್ಷವಾಯಿತು. ಕಂಪ್ಯೂಟರಿನಲ್ಲಿ ಪಿಗ್ ಐರನ್ (ಕಚ್ಚಾ ಕಬ್ಬಿಣ) ಸ್ಟಾಕ್ ಮೈನಸ್ ತೋರಿಸುತ್ತದೆ, ಯಾರ್ಡ್‌ನಲ್ಲಿ ನೋಡಿದರೆ ರಾಶಿ ಬಿದ್ದಿದೆ. ಪ್ರತಿ ತಿಂಗಳೂ ನನ್ನನ್ನೇ ಬಯ್ಯುತ್ತಾರೆ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೈಬರಹದಲ್ಲಿ ನೀವು ನಕಲಿಸಿ ಕಳುಹಿಸಿದ ಸಾಮಗ್ರಿ ಪಟ್ಟಿಯಲ್ಲಿಯೇ ಉತ್ತರವಿದೆ, ಮತ್ತು ಅದು ನಿಮ್ಮ ತಪ್ಪಲ್ಲ.

ಪಟ್ಟಿಯ ಪ್ರಕಾರ ಒಂದು ಎರಕಕ್ಕೆ 20 ಕಿಲೋ ಲೋಹ ಎಂದಿದೆ. ಎರಕದ ತೂಕ 12 ಕಿಲೋ. ಉಳಿದ 8 ಕಿಲೋ ರನ್ನರ್ ಮತ್ತು ರೈಸರ್, ಅಂದರೆ ಅಚ್ಚಿಗೆ ಲೋಹ ಹರಿಸುವ ಮತ್ತು ತುಂಬಿಕೊಡುವ ದಾರಿಗಳಲ್ಲಿ ಗಟ್ಟಿಯಾಗಿ ಉಳಿದ ಲೋಹ. ಅದನ್ನು ಒಡೆದು ಮತ್ತೆ ಕುಲುಮೆಗೇ ಹಾಕುತ್ತೀರಿ ಎಂದು ನೀವೇ ಬರೆದಿದ್ದೀರಿ. ಐನೂರು ಎರಕ ಹೊಯ್ದ ದಿನ ತಂತ್ರಾಂಶವು ಖರೀದಿಸಿದ ಲೋಹದಲ್ಲಿ 10 ಟನ್ ಕಳೆದುಬಿಡುತ್ತದೆ, ಆದರೆ ಅದರಲ್ಲಿ 4 ಟನ್ ಸಂಜೆಯ ಹೊತ್ತಿಗೆ ಕುಲುಮೆಗೆ ಲೋಹ ತುಂಬುವ ಚಾರ್ಜಿಂಗ್ ಜಾಗಕ್ಕೆ ಮರಳಿರುತ್ತದೆ. ಮರಳಿದ್ದಕ್ಕೆ ಚೀಟಿಯಿಲ್ಲ, ಐಟಂ ಕೋಡ್ ಇಲ್ಲ. ತಂತ್ರಾಂಶದ ಪಾಲಿಗೆ ಅದು ಹುಟ್ಟೇ ಇಲ್ಲ. ಮರುದಿನ ಅದೇ 4 ಟನ್ನನ್ನು ಕರಗಿಸಿದಾಗ ಅದು ಮತ್ತೆ ಹೊಸ ಪಿಗ್ ಐರನ್‌ನಿಂದಲೇ ಕಳೆಯುತ್ತದೆ. ಹೀಗೆ ವರ್ಷವಿಡೀ ನಡೆದರೆ ಸ್ಟಾಕ್ ಮೈನಸ್ ಆಗದೆ ಇನ್ನೇನಾದೀತು? ತಿರಸ್ಕೃತ ಎರಕಗಳ ಕಥೆಯೂ ಇದೇ. ಇಡೀ ಎರಕವೇ ಕುಲುಮೆಗೆ ಹಿಂತಿರುಗುತ್ತದೆ, ಲೆಕ್ಕದಲ್ಲಿ ಮಾತ್ರ ಅದು ಖರ್ಚಾದ ಮಾಲು.

ಸರಿಪಡಿಸುವ ದಾರಿ ಇದೆ. 'ಫೌಂಡ್ರಿ ರಿಟರ್ನ್' ಎಂಬ ಹೊಸ ಐಟಂ ಕೋಡ್ ತೆರೆಯಲು ಹೇಳಿ. ಪ್ರತಿ ಹೀಟ್ (ಕುಲುಮೆಯಲ್ಲಿ ಒಂದು ಸಲದ ಕರಗಿಸುವಿಕೆ) ಮುಗಿದ ಮೇಲೆ ಒಡೆದ ರನ್ನರ್-ರೈಸರನ್ನು ತೂಗಿ, ಆ ತೂಕವನ್ನು ಆ ಕೋಡಿಗೆ ಜಮಾ ಮಾಡಬೇಕು. ಮುಂದಿನ ಚಾರ್ಜಿನಲ್ಲಿ ಪಿಗ್ ಐರನ್, ಸ್ಕ್ರ್ಯಾಪ್, ರಿಟರ್ನ್ ಮೂರನ್ನೂ ಬೇರೆ ಬೇರೆಯಾಗಿ ಇಶ್ಯೂ ಮಾಡಬೇಕು. ಕರಗುವಾಗ ಸುಟ್ಟು ಹೋಗುವ ಅಂಶಕ್ಕೂ ಒಂದು ಶೇಕಡಾವಾರು ಇಡಬೇಕು, ಮತ್ತು ಅದನ್ನು ಇನ್ನೊಂದು ಫೌಂಡ್ರಿಯ ಪಟ್ಟಿಯಿಂದ ನಕಲು ಮಾಡದೆ ನಿಮ್ಮ ಕುಲುಮೆಯಲ್ಲಿಯೇ ಹತ್ತು ಹೀಟ್ ತೂಗಿ ಕಂಡುಕೊಳ್ಳಬೇಕು. ಇದಕ್ಕೆ ಬೇಕಾದದ್ದು ಒಂದು ತೂಕದ ಯಂತ್ರ ಮತ್ತು ಪ್ರತಿ ಪಾಳಿಯಲ್ಲಿ ಜವಾಬ್ದಾರಿ ಹೊರುವ ಒಬ್ಬ ವ್ಯಕ್ತಿ.

ಇನ್ನೊಂದು ಮಾತು. ನಿಮ್ಮ ಪಟ್ಟಿಯಲ್ಲಿ 'ಹೆಕ್ಸ್ ಬೋಲ್ಟ್ 10x50', 'ಬೋಲ್ಟ್ ಎಂ10 50 ಉದ್ದ', 'ಎಂ10 ಬೋಲ್ಟ್ 2 ಇಂಚು' ಎಂಬ ಮೂರು ಕೋಡ್ ಕಂಡೆ. 2 ಇಂಚೆಂದರೆ 50.8 ಮಿಲಿಮೀಟರ್, ನಿಮ್ಮ ಕಪಾಟಿನಲ್ಲಿ ಮೂರಕ್ಕೂ ಒಂದೇ ಡಬ್ಬಿ ಇದೆ ಎಂದು ನನ್ನ ಊಹೆ. ಒಂದು ಕೋಡಿನಲ್ಲಿ ಸೊನ್ನೆ ಕಂಡು ಖರೀದಿ ವಿಭಾಗ ಹೊಸದಾಗಿ ತರಿಸುವಾಗ ಇನ್ನೊಂದು ಕೋಡಿನಲ್ಲಿ ಸಾವಿರ ಬೋಲ್ಟ್ ಕುಳಿತಿರುತ್ತವೆ. ಅಳತೆಯ ಘಟಕವೂ ಹೀಗೆಯೇ ಕಾಡುತ್ತದೆ. ರೌಂಡ್ ಬಾರನ್ನು ಕಿಲೋ ಲೆಕ್ಕದಲ್ಲಿ ಕೊಂಡು ಮೀಟರ್ ಲೆಕ್ಕದಲ್ಲಿ ಕತ್ತರಿಸುವ ಕಡೆ, ವ್ಯಾಸದ ವರ್ಗವನ್ನು 162ರಿಂದ ಭಾಗಿಸುವ ಸೂತ್ರ ಪ್ರತಿಯೊಬ್ಬ ಕೆಲಸಗಾರನಿಗೂ ಬಾಯಿಪಾಠ: 25 ಮಿಲಿಮೀಟರ್ ಬಾರ್ ಮೀಟರಿಗೆ ಸುಮಾರು 3.86 ಕಿಲೋ. ಶಾಪ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಈ ಸೂತ್ರವನ್ನು ಐಟಂ ಮಾಸ್ಟರ್ (ತಂತ್ರಾಂಶದಲ್ಲಿನ ವಸ್ತುಗಳ ಮೂಲಪಟ್ಟಿ) ತುಂಬುವ ಹುಡುಗನಿಗೆ ಯಾರೂ ಹೇಳಿರುವುದಿಲ್ಲ. ಈ ಉತ್ತರವನ್ನು ನಿಮ್ಮ ಮಾಲೀಕರಿಗೆ ತೋರಿಸಿ. ಐಟಂ ಮಾಸ್ಟರ್ ತಯಾರಿಸುವಾಗ ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕಿತ್ತು.

ಪ್ರಶ್ನೆ: ದಾವಣಗೆರೆಯಲ್ಲಿ ಕೃಷಿ ಪಂಪ್‌ಸೆಟ್‌ಗಳ ಡೀಲರ್ ನಾನು. ಕಳೆದ ವರ್ಷ ಹಳೆಯ ಸೇಲ್ಸ್‌ಮನ್ ಒಬ್ಬರು ಕೆಲಸ ಬಿಟ್ಟರು, ಅವರೊಂದಿಗೆ ಅರ್ಧ ಗಿರಾಕಿಗಳೂ ಹೋದರು. ಸಿಆರ್‌ಎಂ ಹಾಕಿದರೆ ಇದು ತಪ್ಪುತ್ತದೆಯೇ?

ಉತ್ತರ: ಗಿರಾಕಿಗಳ ವಿವರ ಅವರ ಫೋನಿನಲ್ಲಿತ್ತು, ಅಂಗಡಿಯಲ್ಲಿ ಇರಲಿಲ್ಲ. ಆದ್ದರಿಂದ ಮೊದಲು ಅಂಗಡಿಯ ಹೆಸರಿನಲ್ಲೇ ಒಂದು ನಂಬರ್ ಇರಲಿ, ಎಲ್ಲ ಕರೆಯೂ ಅದಕ್ಕೇ ಬರಲಿ. ಆಮೇಲೆ ಪ್ರತಿ ಗಿರಾಕಿಯ ಹೆಸರಿನ ಮುಂದೆ ಊರು, ಕೊಳವೆಬಾವಿಯ ಆಳ, ಮೋಟಾರಿನ ಹೆಚ್‌ಪಿ, ಇಳಿಸಿದ ದಿನಾಂಕ, ಎಷ್ಟು ಸಲ ರೀವೈಂಡಿಂಗ್ ಆಗಿದೆ ಎಂಬ ಐದು ಸಂಗತಿ ಬರೆಸಿ. ಬೇಸಿಗೆಯಲ್ಲಿ ಮೋಟಾರ್ ಸುಟ್ಟು ತೋಟ ಒಣಗುತ್ತಿರುವ ರೈತರು ಫೋನ್ ಮಾಡಿದಾಗ, ಎದುರಿಗಿರುವ ಹೊಸ ಹುಡುಗ "ನಿಮ್ಮದು ಏಳೂವರೆ ಹೆಚ್‌ಪಿ ಅಲ್ವಾ ಯಜಮಾನ್ರೇ, ಎರಡು ವರ್ಷದ ಹಿಂದೆ ಇಳಿಸಿದ್ದು" ಎಂದರೆ ಅವರು ಬೇರೆ ಅಂಗಡಿಗೆ ಯಾಕೆ ಹೋಗುತ್ತಾರೆ? ಇದನ್ನು ಮಾಡಿಸುವುದೇ ಸಿಆರ್‌ಎಂನ ಕೆಲಸ. ಹಾಗೆ ಕೂಡಿಟ್ಟ ವಿವರ ಗಿರಾಕಿಗಳಿಗೆ ಸೇರಿದ್ದು ಎಂಬುದನ್ನೂ ಮರೆಯಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನು ಕಾಪಾಡುವ ಹೊಣೆಯನ್ನು ಸಂಗ್ರಹಿಸಿದವರ ಮೇಲೆಯೇ ಹೊರಿಸಿದೆ.

ಗಿರಾಕಿಗಳ ಈ ವಿವರದಿಂದ ಇನ್ನೊಂದು ಲಾಭವಿದೆ. ಬೇಸಿಗೆಯಲ್ಲಿ ಕಂಪನಿ ಕೇಳಿದ್ದರಲ್ಲಿ ಅರ್ಧ ಮಾತ್ರ ಕೊಡುತ್ತದೆಂದು ತಿಳಿದ ಡೀಲರ್‌ಗಳು ಐವತ್ತು ಬೇಕಿದ್ದಲ್ಲಿ ನೂರು ಬರೆಯುತ್ತಾರೆ. ಕಂಪನಿ ಅದನ್ನು ನಿಜವಾದ ಬೇಡಿಕೆ ಎಂದು ನಂಬಿ ತಯಾರಿಸುತ್ತದೆ, ಕಚ್ಚಾಮಾಲು ಒದಗಿಸುವವರು ಇನ್ನೂ ಹೆಚ್ಚು ಕೂಡಿಡುತ್ತಾರೆ, ಮಳೆ ಬಂದ ಮೇಲೆ ಎಲ್ಲರ ಗೋದಾಮಿನಲ್ಲೂ ಪಂಪ್ ತುಂಬಿರುತ್ತವೆ. ಪೂರೈಕೆ ಸರಪಳಿಯ ಅಧ್ಯಯನದಲ್ಲಿ ಇದಕ್ಕೆ ಬುಲ್‌ವಿಪ್ ಪರಿಣಾಮ ಎನ್ನುತ್ತಾರೆ; ಮಕ್ಕಳ ಡೈಪರ್‌ಗಳಂಥ ಏರಿಳಿತವಿಲ್ಲದ ವಸ್ತುವಿನಲ್ಲಿಯೂ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಇದನ್ನು ಕಂಡಿತು. ಎಷ್ಟು ಮೋಟಾರ್ ಯಾವ ವಯಸ್ಸಿನವು ಎಂಬ ಪಟ್ಟಿ ನಿಮ್ಮ ಬಳಿ ಇದ್ದರೆ ಐವತ್ತಕ್ಕೆ ಐವತ್ತೇ ಬರೆದು, ಆಧಾರವನ್ನು ಮುಂದಿಟ್ಟು ಕೇಳಬಹುದು.

ಪ್ರಶ್ನೆ: ಕಲಬುರಗಿಯಲ್ಲಿ ಎಂ.ಕಾಂ. ವಿದ್ಯಾರ್ಥಿನಿ ನಾನು. ದೊಡ್ಡ ಕಂಪನಿಗಳಲ್ಲೂ ಇಂಥ ಯೋಜನೆಗಳು ಸೋತದ್ದಿದೆಯೇ?

ಉತ್ತರ: ಅಮೆರಿಕದ ಚಾಕೊಲೇಟ್ ಕಂಪನಿ ಹರ್ಶೀಸ್‌ನ 1999ರ ಪ್ರಕರಣವನ್ನು ಓದಿ. ಇಆರ್‌ಪಿಗೆ ಎಸ್‌ಎಪಿ, ಪೂರೈಕೆ ಯೋಜನೆಗೆ ಮ್ಯಾನುಜಿಸ್ಟಿಕ್ಸ್, ಗ್ರಾಹಕ ಸಂಬಂಧಕ್ಕೆ ಸೀಬೆಲ್ ಎಂದು ಮೂರನ್ನೂ ಅವರು ಸುಮಾರು 11.2 ಕೋಟಿ ಡಾಲರ್ ವೆಚ್ಚದಲ್ಲಿ ತಂದರು. ನಾಲ್ಕು ವರ್ಷದ ಕೆಲಸವನ್ನು ಮೂವತ್ತು ತಿಂಗಳಿಗೆ ಇಳಿಸಿ, ಆ ವರ್ಷದ ಜುಲೈನಲ್ಲಿ ಎಲ್ಲವನ್ನೂ ಒಟ್ಟಿಗೇ ಚಾಲೂ ಮಾಡಿದರು. ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಅಂಗಡಿಗಳಿಂದ ಆರ್ಡರ್ ಹರಿದುಬರುವ ಕಾಲವದು. ಗೋದಾಮಿನಲ್ಲಿ ಚಾಕೊಲೇಟ್ ಇತ್ತು, ಅಂಗಡಿಗೆ ಮಾತ್ರ ತಲುಪಲಿಲ್ಲ. ಸುಮಾರು 10 ಕೋಟಿ ಡಾಲರಿನ ಆರ್ಡರ್‌ಗಳನ್ನು ಪೂರೈಸಲಾಗದೆ ಆ ತ್ರೈಮಾಸಿಕದ ಲಾಭ ಶೇ. 19ರಷ್ಟು ಕುಸಿಯಿತು. ಹಬ್ಬದ ಮುಂಚೆ ಜಾಗ ಸಿಕ್ಕಲ್ಲೆಲ್ಲ ಮಾಲು ಪೇರಿಸಿಡುವ ಹಳೆಯ ರೂಢಿ ಕಾರ್ಖಾನೆಯಲ್ಲಿತ್ತು, ಆ ಜಾಗಗಳು ಹೊಸ ವ್ಯವಸ್ಥೆಯಲ್ಲಿ ದಾಖಲಾಗಿರಲಿಲ್ಲ ಎಂದು ಆಮೇಲಿನ ವಿಶ್ಲೇಷಣೆಗಳು ಹೇಳಿವೆ. ಮೇಲಿನ ಬೆಳಗಾವಿಯ ಪತ್ರವನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ನಿಮ್ಮ ಪ್ರಬಂಧಕ್ಕೆ ವಿಷಯ ಸಿಕ್ಕೀತು.

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಪ್ರೈವೇಟ್ ಲಿಮಿಟೆಡ್ ಕಂಪನಿ. ಇಆರ್‌ಪಿಗೆ ಎರಡು ಕೊಟೇಷನ್ ಬಂದಿವೆ. ಸಹಿ ಹಾಕುವ ಮುಂಚೆ ಏನು ಕೇಳಬೇಕು?

ಉತ್ತರ: ಮಾರಲು ಬಂದವರ ಉದಾಹರಣೆಯನ್ನು ಬದಿಗಿಟ್ಟು ನಿಮ್ಮ ಕಳೆದ ತಿಂಗಳ ಒಂದು ಆರ್ಡರನ್ನು, ವಾಪಸು ಬಂದ ಮಾಲಿನ ಸಮೇತ, ಅವರ ತಂತ್ರಾಂಶದಲ್ಲಿ ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸಲು ಹೇಳಿ. ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್‌ನಿಂದ ಇ-ಇನ್ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್) ಕಡ್ಡಾಯ, ಕಂಪನಿಗಳಿಗೆ 2023ರ ಏಪ್ರಿಲ್‌ನಿಂದ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಬೇಕು. ಇವೆರಡೂ ಕೊಟೇಷನ್‌ನಲ್ಲೇ ಸೇರಿವೆಯೇ, ಪ್ರತ್ಯೇಕ ಶುಲ್ಕವಿದೆಯೇ ಎಂದು ವಿಚಾರಿಸಿ. ಮುಂದೆ ಬಿಡಬೇಕಾಗಿ ಬಂದರೆ ನಿಮ್ಮ ಐಟಂ, ಗ್ರಾಹಕ ಮತ್ತು ಲೆಡ್ಜರ್ ವಿವರಗಳನ್ನು ಎಕ್ಸೆಲ್‌ನಲ್ಲಿ ತೆರೆಯಬಹುದಾದ ರೂಪದಲ್ಲಿ ಎಷ್ಟು ದಿನಗಳೊಳಗೆ ಹಿಂತಿರುಗಿಸುತ್ತಾರೆ ಎಂಬುದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಿ, ಬಾಯಿಮಾತಿಗೆ ಒಪ್ಪಬೇಡಿ.