ಎರಡು ತೊಟ್ಟಿಗೆ ಒಂದೇ ಪಂಪ್ ಸಾಲದು

ಬಿಯರ್ ಹುದುಗಿಸುವ ಎರಡು ತೊಟ್ಟಿಗಳನ್ನು ಒಂದೇ ಪಂಪಿನಿಂದ ತಣಿಸುತ್ತಿದ್ದೀರಿ; ಚಿಲ್ಲರ್ (ತಂಪುಯಂತ್ರ) ತಣಿಸಿದ ಗ್ಲೈಕಾಲ್, ಅಂದರೆ ಸುಲಭವಾಗಿ ಹೆಪ್ಪುಗಟ್ಟದ ದ್ರವ, ಮೊದಲ ತೊಟ್ಟಿಯೊಳಗಿನ ಸುರುಳಿ ಕೊಳವೆ ದಾಟಿ ಎರಡನೆಯದಕ್ಕೆ ಹೋಗುತ್ತದೆ, ಮೊದಲನೆಯದು 12 ಡಿಗ್ರಿಗೆ ಇಳಿದ ಕೂಡಲೇ ಪಂಪ್ ನಿಂತು ಎರಡನೆಯದು 19ರಲ್ಲೇ ಉಳಿಯುತ್ತದೆ ಎಂದು ಬರೆದಿದ್ದೀರಿ. ದಯವಿಟ್ಟು ದೊಡ್ಡ ಚಿಲ್ಲರ್ ಕೊಳ್ಳಲು ಹೋಗಬೇಡಿ. ತಪ್ಪಿರುವುದು ಕೊಳವೆಗಳ ಜೋಡಣೆಯಲ್ಲಿ.

ಪ್ರತಿ ಬಿಯರ್ ತೊಟ್ಟಿಗೂ ಅದರದೇ ಮುಳುಗು ಪಂಪ್ (ಗ್ಲೈಕಾಲಿನಲ್ಲಿ ಮುಳುಗಿ ಅದನ್ನು ತಳ್ಳುವಂಥದ್ದು), ಅದರದೇ ತಾಪ ನಿಯಂತ್ರಕ ಇರಲಿ. ಮರಳುವ ಕೊಳವೆಗಳನ್ನೂ ಒಂದಕ್ಕೊಂದು ಸೇರಿಸದೆ ನೇರವಾಗಿ ಚಿಲ್ಲರಿನ ಗ್ಲೈಕಾಲ್ ತೊಟ್ಟಿಗೇ ಬಿಡಿ. ನಾನು ಮೊದಲು ಎರಡನ್ನೂ T ಆಕಾರದ ಜೋಡಣೆಯಲ್ಲಿ ಕೂಡಿಸಿದ್ದೆ. ಒಂದು ಪಂಪ್ ಓಡಿದಾಗ ತಣ್ಣನೆಯ ದ್ರವ ಇನ್ನೊಂದರ ಸುರುಳಿಗೆ ಹಿಮ್ಮುಖವಾಗಿ ನುಗ್ಗಿ, ಏಲ್ ಎಂಬ ಬಗೆಯ ಬಿಯರ್ ಹುದುಗಿಸುವ ಯೀಸ್ಟ್ ಚಳಿಗೆ ಮಲಗಿಬಿಟ್ಟಿತ್ತು. ಬೆಳಿಗ್ಗೆ ಮುಟ್ಟಿ ನೋಡಿದರೆ ನಿಂತಿರಬೇಕಾದ ಕೊಳವೆಯ ಮೇಲೂ ಹನಿ ಸಾಲುಗಟ್ಟಿತ್ತು. ಕೊಳವೆಗಳನ್ನು ಬೇರ್ಪಡಿಸಿದ ದಿನವೇ ಸರಿಹೋಯಿತು.

ನೀರಿನೊಂದಿಗಿನ ಮಿಶ್ರಣದಲ್ಲಿ ಮೂರನೆಯ ಒಂದು ಭಾಗ ಪ್ರೊಪಿಲೀನ್ ಗ್ಲೈಕಾಲ್ ಸಾಕು, ಹೆಚ್ಚಾದರೆ ದ್ರವ ಮಂದವಾಗಿ ಪಂಪಿಗೆ ಭಾರ. ಆಹಾರ ದರ್ಜೆಯದನ್ನೇ ತನ್ನಿ. ಕಾರಿನ ರೇಡಿಯೇಟರಿಗೆ ಹಾಕುವುದು ಬಹುಪಾಲು ಎಥಿಲೀನ್ ಗ್ಲೈಕಾಲ್, ಅದು ವಿಷ; ಸುರುಳಿ ಸೋರಿದರೆ ನೇರ ಬಿಯರಿಗೇ ಸೇರುತ್ತದೆ. ಚಿಲ್ಲರನ್ನು -2 ಡಿಗ್ರಿಯ ಆಸುಪಾಸಿನಲ್ಲಿಡಿ. ತೀರಾ ಇಳಿಸಿದರೆ ಸುರುಳಿಯ ಸುತ್ತ ಬಿಯರ್ ಹೆಪ್ಪುಗಟ್ಟಿ, ಆ ಮಂಜುಗಡ್ಡೆಯೇ ತಂಪು ಹರಡದಂತೆ ತಡೆಯುತ್ತದೆ.

ಕೊಳವೆಗೆ ಫೋಮ್ ಹೊದಿಕೆ ತೊಡಿಸುವಾಗ ಅದನ್ನು ಬಿಗಿಯುವ ಕ್ಲ್ಯಾಂಪುಗಳನ್ನೂ ಹೊದಿಸದೆ ಬಿಡಬೇಡಿ, ಹನಿಗಟ್ಟಿ ನೆಲ ಒದ್ದೆಯಾಗುವುದು ಅಲ್ಲಿಂದಲೇ. ಗ್ಲೈಕಾಲ್ ಸುರಿಯುವ ಮೊದಲು ಒಂದು ರಾತ್ರಿ ಬರೀ ನೀರು ಹರಿಸಿ, ಪ್ರತಿ ಜೋಡಣೆಯ ಕೆಳಗೂ ಒಣ ಕಾಗದ ಹಾಸಿ ನೋಡಿ.