ಮರಿ ಹಾಕಿದ ಮೇಕೆಯ ಕೆಚ್ಚಲು ಒಂದು ಕಡೆ ಮಾತ್ರ ಗಟ್ಟಿಯಾಗಿದೆ, ಏನು ಮಾಡಲಿ?

ಯಲಹಂಕದ ಹತ್ತಿರ ಸಾಕಿರುವ ಮೇಕೆ ಮರಿ ಹಾಕಿ ನಾಲ್ಕು ದಿನವಾಯಿತು, ಎಡಗಡೆ ಕೆಚ್ಚಲು ಗಟ್ಟಿಯಾಗಿದೆ, ಮರಿಗಳು ಆ ಕಡೆ ಬಾಯಿಯೇ ಹಾಕುತ್ತಿಲ್ಲ, ಇದು ಸಹಜವಾದ ಊತವೋ ಕೆಚ್ಚಲು ಬಾವೋ ಎಂದು ಕೇಳಿದ್ದೀರಿ. ಒಂದೇ ಕಡೆ ಇದ್ದರೆ ನಾನು ಬಾವು ಎಂದೇ ಹಿಡಿದು ನಡೆಯುತ್ತೇನೆ. ಅಲ್ಲವೆಂದು ಖಾತ್ರಿಯಾಗುವ ತನಕ ಕಾಯುವುದು ಬೇಡ.

ಮೇಕೆಯ ಕೆಚ್ಚಲಿಗೆ ಎರಡೇ ಭಾಗ, ಒಂದರ ಹಾಲು ಇನ್ನೊಂದಕ್ಕೆ ಹರಿಯುವುದಿಲ್ಲ. ಹಾಗಾಗಿ ಚೆನ್ನಾಗಿರುವ ಬಲಭಾಗವೇ ನಿಮಗೆ ಅಳತೆ. ಎರಡೂ ಕಡೆ ಮುಂಗೈ ಇಟ್ಟು ಬಿಸಿ ಹೋಲಿಸಿ. ಹೆಬ್ಬೆರಳಿನಿಂದ ಒತ್ತಿ ಬಿಡಿ: ಗುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ಉಳಿದರೆ ಅದು ನೀರು ತುಂಬಿದ ಊತ. ಮೊದಲ ಸಲ ಮರಿ ಹಾಕಿದ ಮೇಕೆಗಳಲ್ಲಿ ಇದು ಸಾಮಾನ್ಯ. ಹೆಚ್ಚಾಗಿ ಎರಡೂ ಕಡೆ ಇರುತ್ತದೆ, ಹಾಲು ಶುದ್ಧವಾಗಿರುತ್ತದೆ, ಮೇಕೆ ಮೇವು ಬಿಡುವುದಿಲ್ಲ. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಟ್ಟು, ಕೆಳಗಿಂದ ಹೊಟ್ಟೆಯ ಕಡೆಗೆ ಮೆಲ್ಲಗೆ ನೀವಿದರೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ಒತ್ತಿದಾಗ ಗುಳಿ ಬೀಳದೆ ಗಟ್ಟಿಯಾಗಿದ್ದು, ಬಿಸಿಯಿದ್ದು, ಮೇಕೆ ಹಿಂಗಾಲು ಎತ್ತಿ ಒದ್ದರೆ ಅದು ಬಾವು.

ಹಾಲನ್ನೂ ನೋಡಬೇಕು. ಮೊದಲ ಮೂರ್ನಾಲ್ಕು ಸೆಳೆ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ. ಮೊಸರಿನ ಚೂರು, ನೂಲಿನಂಥ ಎಳೆ, ನೀರಿನಂಥ ಹಾಲು, ಕೀವು ಕಂಡರೆ ಸಂಶಯವೇ ಉಳಿಯುವುದಿಲ್ಲ. ಗಿಣ್ಣು ಹಾಲು ಹಳದಿಯಾಗಿ ದಪ್ಪ ಇರುತ್ತದೆ, ಅದನ್ನು ಕೀವೆಂದುಕೊಳ್ಳಬೇಡಿ. ಕಣ್ಣಿಗೆ ಏನೂ ಕಾಣದಿದ್ದರೆ 100 ಮಿಲಿ ನೀರಿಗೆ 3 ಗ್ರಾಂ ಬಟ್ಟೆ ಒಗೆಯುವ ಪುಡಿ ಕರಗಿಸಿ, ಎರಡು ಲೋಟಗಳಲ್ಲಿ ಎರಡೂ ಕಡೆಯ ಹಾಲನ್ನು ಬೇರೆಬೇರೆಯಾಗಿ ಸಮಪ್ರಮಾಣದಲ್ಲಿ ಬೆರೆಸಿ ತಿರುಗಿಸಿ. ಮೇಕೆ ಹಾಲಿನಲ್ಲಿ ಜೀವಕೋಶಗಳು ಸಹಜವಾಗಿಯೇ ಹೆಚ್ಚು, ಆದ್ದರಿಂದ ಸ್ವಲ್ಪ ಮಂದವಾದರೆ ಗಾಬರಿ ಬೇಡ. ಒಂದು ಲೋಟದ್ದು ಲೋಳೆಯಾಗಿ ಇನ್ನೊಂದು ತೆಳ್ಳಗೇ ಉಳಿದರೆ ಆ ವ್ಯತ್ಯಾಸವೇ ಸುಳಿವು.

ಎಲ್ಲಕ್ಕಿಂತ ಮುಖ್ಯ ಮಾತು: ಬಿಸಿ ಕೆಚ್ಚಲಿಗಿಂತ ತಣ್ಣಗಿನ ಕೆಚ್ಚಲು ಅಪಾಯ. ಚರ್ಮ ಮೊದಲು ಕೆಂಪಾಗಿ, ಆಮೇಲೆ ನೀಲಿ ಅಥವಾ ಕಪ್ಪಾಗಿ, ಮುಟ್ಟಿದರೆ ತಣ್ಣಗಿದ್ದು, ಹಾಲಿನ ಬದಲು ರಕ್ತ ಬೆರೆತ ನೀರು ಬಂದರೆ ಅದು ಕೊಳೆಯುವ ಬಾವು. ಹೆಚ್ಚಾಗಿ ಸ್ಟೆಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ವಿಷದಿಂದ ರಕ್ತನಾಳ ಮುಚ್ಚಿ ಅಂಗಾಂಶ ಸಾಯುತ್ತದೆ, ಒಂದೆರಡು ದಿನದಲ್ಲೇ ಮೇಕೆಯ ಜೀವ ಹೋಗಬಹುದು. ಬೆಳಗಾಗಲಿ ಎನ್ನಬೇಡಿ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ, ಇಲ್ಲವೇ ನೇರ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಿರಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, 101.5ರಿಂದ 103.5 ಫ್ಯಾರನ್‌ಹೀಟ್ ಸಹಜ. 104 ದಾಟಿದರೂ, ಸಹಜಕ್ಕಿಂತ ಕೆಳಗಿಳಿದರೂ ವೈದ್ಯರಿಗೆ ಹೇಳಿ. ಬಿಸಿಲಲ್ಲಿ ಕಟ್ಟಿದ್ದ ಮೇಕೆಯಾದರೆ ನೆರಳಲ್ಲಿ ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ.

ಸಾಮಾನ್ಯ ಬಾವಾದರೆ ಮಾಡಬೇಕಾದ ಮೊದಲ ಕೆಲಸ ಖಾಲಿ ಮಾಡುವುದು. ಮೂರು ನಾಲ್ಕು ಗಂಟೆಗೊಮ್ಮೆ ಆ ಕಡೆಯ ಹಾಲನ್ನು ಪೂರ್ತಿ ಹಿಂಡಿ ತೆಗೆಯಿರಿ. ನಿಂತ ಹಾಲೇ ಬ್ಯಾಕ್ಟೀರಿಯಾಗೆ ಊಟ. ಆ ಹಾಲನ್ನು ಕೊಟ್ಟಿಗೆಯ ನೆಲಕ್ಕೆ ಚೆಲ್ಲಬೇಡಿ, ಮರಿಗೆ ಕುಡಿಸಬೇಡಿ, ದೂರದಲ್ಲಿ ಗುಂಡಿಗೆ ಹಾಕಿ. ಆರೋಗ್ಯದ ಭಾಗವನ್ನು ಮೊದಲು ಹಿಂಡಿ, ಆಮೇಲೆ ಬಾವಿನ ಭಾಗ. ಹಾಲು ಬರುತ್ತಿಲ್ಲವೆಂದು ತೊಟ್ಟಿನ ರಂಧ್ರಕ್ಕೆ ಬೇವಿನ ಕಡ್ಡಿ, ಸೂಜಿ ತೂರಿಸುವವರಿದ್ದಾರೆ, ದಯವಿಟ್ಟು ಬೇಡ. ಒಳಗೆ ಗಾಯವಾದರೆ ಆ ತೊಟ್ಟು ಶಾಶ್ವತವಾಗಿ ಮುಚ್ಚಿಹೋಗಬಹುದು. ಅರಿಶಿನ, ಸುಣ್ಣ, ಲೋಳೆಸರ ಅರೆದು ಹಚ್ಚುವ ರೂಢಿಯೂ ಇದೆ. ಹಚ್ಚಿದಿರೆಂದು ವೈದ್ಯರನ್ನು ಕರೆಯುವುದನ್ನು ಮುಂದೂಡಬೇಡಿ, ಸುಣ್ಣ ಹಚ್ಚಿದ ಕೆಚ್ಚಲಿಗೆ ಮರಿ ಬಿಡಬೇಡಿ.

ಆಂಟಿಬಯೋಟಿಕ್ ಯಾವುದು, ಎಷ್ಟು ದಿನ ಎಂಬುದು ವೈದ್ಯರ ನಿರ್ಧಾರ. ಮೊದಲ ಡೋಸ್‌ಗೆ ಮುಂಚೆಯೇ ಹಾಲಿನ ಮಾದರಿ ತೆಗೆದಿಡಿ: ತೊಟ್ಟನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಸೆಳೆಗಳನ್ನು ಬಿಟ್ಟು, ಕ್ರಿಮಿರಹಿತ ಶೀಶೆಗೆ ಹಿಂಡಿ, ಐಸ್ ಮೇಲೆ ಇಟ್ಟು ಅಂದೇ ಪರೀಕ್ಷೆಗೆ ಕೊಡಿ. ಔಷಧಿ ಬಿದ್ದ ಮೇಲೆ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು. ಕೆಚ್ಚಲಿಗೆ ಏರಿಸುವ ಟ್ಯೂಬ್‌ಗಳು ಹೆಚ್ಚಾಗಿ ಹಸುವಿಗಾಗಿ ತಯಾರಾದವು. ಮೇಕೆಯ ರಂಧ್ರ ಕಿರಿದು, ತುದಿ ಮಾತ್ರ ಒಳಗೆ ಹೋದರೆ ಸಾಕು. ಅದರ ಮೇಲೆ ಬರೆದಿರುವ, ಹಾಲನ್ನು ಬಳಸದೆ ಬಿಡಬೇಕಾದ ಅವಧಿಯೂ ಹಸುವಿನದ್ದು, ಮೇಕೆಗೆ ಎಷ್ಟು ದಿನ ಎಂದು ಕೇಳಿ ತಿಳಿದುಕೊಂಡು, ಅಲ್ಲಿಯವರೆಗೆ ಯಾರಿಗೂ ಹಾಲು ಕೊಡಬೇಡಿ.

ಮರಿಗಳ ಹೊಟ್ಟೆ ಮರೆಯಬೇಡಿ. ಒಂದು ತೊಟ್ಟಿನ ಹಾಲು ಎರಡು ಮರಿಗೆ ಸಾಲದಿದ್ದರೆ ಬಾಟಲಿಯಲ್ಲಿ ಬೆಚ್ಚಗಿನ ಹಾಲು ಕೊಡಿ, ಹಸುವಿನ ಹಾಲೂ ಆಗುತ್ತದೆ. ದೇಹತೂಕದ ಸುಮಾರು 15% ಲೆಕ್ಕ: 2.5 ಕೆಜಿ ಮರಿಗೆ ದಿನಕ್ಕೆ 375 ಮಿಲಿ, ನಾಲ್ಕು ಸಲವಾಗಿ. ತಾಯಿಯಿಂದ ಸಿಗುವಷ್ಟನ್ನು ಅದರಲ್ಲಿ ಕಳೆಯಿರಿ.

ತೊಟ್ಟಿನ ಮೇಲೆ ಹಕ್ಕಳೆಗಟ್ಟಿದ ಹುಣ್ಣು, ಮರಿಗಳ ತುಟಿಯಲ್ಲೂ ಅದೇ ಇದ್ದರೆ ಅದು ಆರ್ಫ್ ಎಂಬ ವೈರಸ್ ರೋಗ ಇರಬಹುದು. ಮನುಷ್ಯರಿಗೂ ಅಂಟುತ್ತದೆ, ಕೈಗವಸು ಹಾಕಿಕೊಳ್ಳಿ.

ಇನ್ನು ಮುಂದೆ ಪ್ರತಿ ಸಲ ಹಿಂಡಿದ ಮೇಲೆ 0.5% ಅಯೋಡಿನ್ ಇರುವ ದ್ರಾವಣದಲ್ಲಿ ತೊಟ್ಟು ಅದ್ದಿ. ಮೆಡಿಕಲ್ ಅಂಗಡಿಯ 5% ಪೊವಿಡೋನ್ ಅಯೋಡಿನ್‌ನಲ್ಲಿ ಅಷ್ಟೇ ಇರುತ್ತದೆ. ಆಮೇಲೆ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಿ, ತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು. ವಾಸಿಯಾದ ಮೇಲೂ ಕೆಚ್ಚಲೊಳಗೆ ಗಡ್ಡೆ ಉಳಿದರೆ ಆ ಮೇಕೆಯನ್ನು ಯಾವಾಗಲೂ ಕೊನೆಗೆ ಹಿಂಡಿ, ಹಾಲು ಬತ್ತಿಸುವ ಸಮಯದಲ್ಲಿ ಮತ್ತೊಮ್ಮೆ ವೈದ್ಯರಿಗೆ ತೋರಿಸಿ.