ಗೆರೆ ಎಳೆಯಲು ಬಾರದ ತಾಯಿಗೆ

ಪ್ರಶ್ನೆ: ಏಳನೇ ತರಗತಿಯಲ್ಲಿರುವ ಮಗಳು ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಓದುತ್ತಿದ್ದಾಳೆ. ರಜೆಯಲ್ಲಿ ಅವಳಿಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತನ್ನು ತೋರಿಸಬೇಕೆಂದಿದ್ದೇನೆ. ನನಗೋ ನೆಟ್ಟಗೆ ಒಂದು ಗೆರೆ ಎಳೆಯಲೂ ಬಾರದು. ಅಲ್ಲಿ ಅವಳಿಗೆ ಏನೆಂದು ವಿವರಿಸಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ವಿವರಿಸುವ ಚಿಂತೆ ಬಿಡಿ ತಾಯಿ, ಅವಳ ಪಕ್ಕದಲ್ಲಿ ನಿಂತು ನೀವೂ ನೋಡಿ. ಪರಿಷತ್ತು 1960ರಲ್ಲಿ ಹುಟ್ಟಿದ್ದು ಕಲಾವಿದರಿಗಾಗಿ ಮಾತ್ರವಲ್ಲ, ನಿಮ್ಮಂಥವರಿಗಾಗಿಯೂ.

ಡ್ರಾಯಿಂಗ್ ಮೇಷ್ಟ್ರಾಗಿದ್ದಾಗ ಮಕ್ಕಳನ್ನು ಮೊದಲ ಸಲ ಅಲ್ಲಿಗೆ ಕರೆದೊಯ್ದ ದಿನ ಎಲ್ಲರ ಕೈಗೂ ಪುಸ್ತಕ, ಪೆನ್ಸಿಲ್ ಕೊಟ್ಟಿದ್ದೆ. ಅವರು ತಲೆ ಬಗ್ಗಿಸಿ ಬರೆದರೇ ಹೊರತು ಗೋಡೆಯ ಕಡೆಗೆ ಕಣ್ಣೆತ್ತಲಿಲ್ಲ. ಮರುವರ್ಷ ಬರಿಗೈಯಲ್ಲಿ ಹೋದೆವು. ತೊಗಲು ಗೊಂಬೆಯೊಂದರ ಮುಂದೆ ಬಹಳ ಹೊತ್ತು ನಿಂತಿದ್ದ ಹುಡುಗಿ, "ಸಾರ್, ಮೈತುಂಬ ತೂತು ಯಾಕೆ?" ಎಂದು ಕೇಳಿದಳು. ಆಟದ ರಾತ್ರಿ ಗೊಂಬೆಯ ಹಿಂದೆ ದೀಪ ಇಡುತ್ತಾರೆ. ಪರದೆಯ ಮೇಲೆ ಆ ತೂತುಗಳೇ ಸರ, ಕಿರೀಟ, ಸೊಂಟದ ಪಟ್ಟಿಯಾಗಿ ಹೊಳೆಯುತ್ತವೆ ಎಂದೆ. ಅವಳು ಮತ್ತೊಮ್ಮೆ ಗೊಂಬೆಯ ಹತ್ತಿರ ಹೋದಳು. ಬಣ್ಣ ಬೆರೆಸುವುದನ್ನು ನಾನು ಅದೆಷ್ಟೋ ವರ್ಷ ಕಲಿಸಿದ್ದೇನೆ, ಆದರೆ ಆ ಎರಡನೆಯ ನೋಟವನ್ನು ಯಾರಿಗೂ ಹೇಳಿಕೊಡಲು ನನ್ನಿಂದಾಗಿಲ್ಲ. ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾಯರು ಹಳ್ಳಿ ಹಳ್ಳಿ ಅಲೆದು ಈ ಗೊಂಬೆಗಳನ್ನು ಕೂಡಿಸದೆ ಹೋಗಿದ್ದರೆ ಎಷ್ಟೋ ಗೊಂಬೆಗಳು ಅಟ್ಟದ ಮೇಲೆಯೇ ಹುಳು ಹಿಡಿಯುತ್ತಿದ್ದವು.

ಆಮೇಲೆ ಮೈಸೂರು ಶೈಲಿಯ ಚಿತ್ರಗಳತ್ತ ಹೋಗಿ. ಎದುರಿನಿಂದಷ್ಟೇ ನೋಡಬೇಡಿ, ಸ್ವಲ್ಪ ಬಾಗಿ ಓರೆಯಾಗಿ ನೋಡಿ. ಒಡವೆಯ ಭಾಗ ತುಸುವೇ ಉಬ್ಬಿರುವುದು, ಅದರ ಮೇಲೆ ಚಿನ್ನದ ರೇಕು ಕೂತಿರುವುದು ಆಗ ಕಾಣುತ್ತದೆ. ರಷ್ಯಾ ಮೂಲದ ಕಲಾವಿದರಾದ ರೋರಿಕ್ ತಂದೆ ಮಗನ ಚಿತ್ರಗಳೂ ಅಲ್ಲಿವೆ. ದಣಿದಿದ್ದರೆ ಅವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಒಂದೇ ಬೆಳಿಗ್ಗೆ ಎಲ್ಲ ಕೋಣೆಗಳನ್ನೂ ಸುತ್ತಿದ ಮಗುವಿಗೆ ಕಾಲುನೋವು ಬಿಟ್ಟರೆ ಬೇರೇನೂ ನೆನಪಿರುವುದಿಲ್ಲ.

ಪ್ರಶ್ನೆ: ಪರಿಷತ್ತು ವರ್ಷಕ್ಕೊಮ್ಮೆ ನಡೆಸುವ ಚಿತ್ರಸಂತೆಯಲ್ಲಿ ಏನನ್ನೂ ಕೊಳ್ಳದೆ ಸುಮ್ಮನೆ ನೋಡುತ್ತಾ ಹೋದರೆ ಕಲಾವಿದರಿಗೆ ಬೇಸರವಾಗುವುದಿಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ಮಾತನಾಡಿಸದೆ ಹೋದರೆ ಬೇಸರವಾಗುತ್ತದೆ. ಅಂದು ಕುಮಾರಕೃಪಾ ರಸ್ತೆಯ ಉದ್ದಕ್ಕೂ ಕಲಾವಿದರು ತಮ್ಮ ಚಿತ್ರಗಳ ಪಕ್ಕದಲ್ಲೇ ಕುಳಿತಿರುತ್ತಾರೆ. ಬೆಲೆ ಕೇಳುವ ಮೊದಲು "ಈ ನೀಲಿ ಹೇಗೆ ಬಂತು?" ಎಂದು ಕೇಳಿ ನೋಡಿ. ಬಿಸಿಲಲ್ಲಿ ಬಾಡಿದ ಮುಖ ಅರಳುತ್ತದೆ, ಕೆಲವರು ಕುಂಚವನ್ನೇ ತೆಗೆದು ತೋರಿಸುತ್ತಾರೆ.